ಕೆಳಗಿನ ಬಚ್ಚಲಿಗೆ ಬಿಸಿನೀರು ಬರೋಕೆ ಮೂರು ನಿಮಿಷ: ಗೀಸರ್ ಬದಲಿಸಬೇಕಾ, ಪೈಪ್ ಬದಲಿಸಬೇಕಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಎರಡು ಅಂತಸ್ತಿನ ಮನೆ. ಮಹಡಿ ಮೇಲೆ 50 ಲೀಟರ್‌ನ ಕರೆಂಟ್ ಗೀಸರ್ ಇದೆ. ಮೇಲಿನ ಬಚ್ಚಲು, ಕೆಳಗಿನ ಬಚ್ಚಲು, ಅಡುಗೆಮನೆ ಸಿಂಕ್, ಮೂರಕ್ಕೂ ಅದೊಂದರಿಂದಲೇ ಬಿಸಿನೀರು. ಮೇಲೆ ನಲ್ಲಿ ತಿರುಗಿಸಿದರೆ 20 ಸೆಕೆಂಡಿಗೆ ಬಿಸಿ ಬರುತ್ತದೆ. ಕೆಳಗೆ ಅಮ್ಮನ ಬಚ್ಚಲಿನ ವಾಶ್‌ಬೇಸಿನ್‌ನಲ್ಲಿ ಮಾತ್ರ ಮೂರು ನಿಮಿಷ ಕಾಯಬೇಕು. ಅಷ್ಟು ಕಾದ ಮೇಲೂ ಬರುವುದು ಉಗುರುಬೆಚ್ಚಗಿನ ನೀರು.

ಅಮ್ಮನಿಗೆ 78 ವರ್ಷ. ಬೆರಳಿನ ಗಂಟುಗಳಲ್ಲಿ ನೋವು. ಬೆಳಿಗ್ಗೆ ತಣ್ಣೀರು ಸೋಕಿದರೆ ಬೆರಳು ಮಡಚೋಕೆ ಆಗಲ್ಲ. ನಲ್ಲಿ ಬಿಟ್ಟುಕೊಂಡು ಗೋಡೆ ಹಿಡಿದು ನಿಂತಿರುತ್ತಾರೆ. ನೀರು ಸುಮ್ನೆ ಹರಿದು ಹೋಗ್ತಿದೆಯಲ್ಲ ಅಂತ ಅವರಿಗೆ ಸಂಕಟ. ಎಷ್ಟೋ ದಿನ ಕಾಯದೆ ತಣ್ಣೀರಲ್ಲೇ ಮುಖ ತೊಳೆದು, ಆಮೇಲೆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿರುತ್ತಾರೆ. ಅದನ್ನು ನೋಡೋಕಾಗದೆ ಇಲ್ಲಿ ಕೇಳುತ್ತಿದ್ದೇನೆ.

ಎರಡು ವರ್ಷದ ಹಿಂದೆ ಇಷ್ಟು ಕಷ್ಟ ಇರಲಿಲ್ಲ. ಆಗಲೂ ಸ್ವಲ್ಪ ಕಾಯಬೇಕಿತ್ತು, ಆದರೆ ಕೊನೆಗೆ ಚೆನ್ನಾಗಿ ಬಿಸಿ ಬರುತ್ತಿತ್ತು. ಆಮೇಲೆ ಕೆಳಗಿನ ಬಚ್ಚಲಿನ ನಲ್ಲಿಗಳನ್ನೆಲ್ಲ ಬದಲಿಸಿದೆವು. ಈಗ ಬಂದು ನೋಡಿದವರೊಬ್ಬರು 80 ಲೀಟರ್ ಗೀಸರ್ ಹಾಕಿಸಿ ಅಂದರು. ನಮ್ಮ ಭಾವ ಥರ್ಮೋಸ್ಟಾಟ್ ಜಾಸ್ತಿ ಮಾಡಿ ಸಾಕು ಅನ್ನುತ್ತಾರೆ. ಇನ್ನೊಬ್ಬರು ಪೈಪಿಗೆಲ್ಲ ಫೋಮ್ ಸುತ್ತಿಸಿ ಅಂದರು. ಯಾವುದು ಸರಿ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1

ಮೇಡಂ, ಮೇಲೆ ಬಿಸಿ ಚೆನ್ನಾಗಿ ಬರುತ್ತಿದೆ ಅಂದರೆ ಗೀಸರ್ ಸರಿಯಾಗೇ ಇದೆ. 80 ಲೀಟರ್ ಹಾಕಿಸಿದರೂ ಕೆಳಗೆ ಅಷ್ಟೇ ಹೊತ್ತು ಕಾಯಬೇಕಾಗುತ್ತದೆ. ದಯವಿಟ್ಟು ಅದಕ್ಕೆ ದುಡ್ಡು ಸುರಿಯಬೇಡಿ.

ಉತ್ತರ 2

ನಾನು 22 ವರ್ಷದಿಂದ ಪ್ಲಂಬಿಂಗ್ ಕೆಲಸ ಮಾಡುತ್ತಿದ್ದೇನೆ. ಮೇಲಿನವರು ಹೇಳಿದ್ದು ಸರಿ. ಗೀಸರ್ ದೊಡ್ಡದಾದರೆ ಬಿಸಿನೀರು ಜಾಸ್ತಿ ಹೊತ್ತು ಬರುತ್ತದೆ, ಬೇಗ ಬರುವುದಿಲ್ಲ. ಈ ಎರಡನ್ನೂ ಒಂದೇ ಅಂದುಕೊಂಡು ಗೀಸರ್ ಬದಲಿಸಿದ ಮನೆಗಳನ್ನು ನಾನು ಬಹಳ ನೋಡಿದ್ದೇನೆ. ಹೊಸ ಗೀಸರ್ ಬಂದ ಮಾರನೇ ದಿನವೂ ಅದೇ ನಲ್ಲಿ ಮುಂದೆ ಅಷ್ಟೇ ಹೊತ್ತು ನಿಂತಿರುತ್ತಾರೆ.

ಥರ್ಮೋಸ್ಟಾಟ್ ವಿಷಯಕ್ಕೆ ದಯವಿಟ್ಟು ಕೈ ಹಾಕಬೇಡಿ, ಅದರಲ್ಲೂ ವಯಸ್ಸಾದವರಿರುವ ಮನೆಯಲ್ಲಿ. 60 ಡಿಗ್ರಿ ನೀರು ಐದಾರು ಸೆಕೆಂಡ್ ಮೈಮೇಲೆ ಬಿದ್ದರೆ ಸಾಕು, ದೊಡ್ಡವರ ಚರ್ಮವೂ ಸುಟ್ಟು ಬೊಬ್ಬೆ ಬರುತ್ತದೆ. ಅಮ್ಮನ ವಯಸ್ಸಿಗೆ ಚರ್ಮ ತೆಳುವಾಗಿರುತ್ತದೆ, ಅಷ್ಟು ಹೊತ್ತೂ ಬೇಡ. ಹಾಗಂತ ತೀರಾ ಕಡಿಮೆಗೂ ಇಡಬೇಡಿ. ಟ್ಯಾಂಕಿನಲ್ಲಿ ನೀರು ದಿನಗಟ್ಟಲೆ ಬರೀ ಉಗುರುಬೆಚ್ಚಗೆ ನಿಂತರೆ ರೋಗ ತರುವ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಈಗ ಮುಖ್ಯ ವಿಷಯ. ನಿಮಿಷ ಲೆಕ್ಕ ಹಾಕಬೇಡಿ, ಲೀಟರ್ ಲೆಕ್ಕ ಹಾಕಿ. ಬಿಸಿನೀರು ಬರುವುದಕ್ಕೆ ಮುಂಚೆ ಪೈಪಿನಲ್ಲಿ ನಿಂತಿರುವ ತಣ್ಣೀರು ಹೊರಗೆ ಹೋಗಬೇಕು, ಅಲ್ವಾ? ಆ ತಣ್ಣೀರು ಎಷ್ಟಿದೆ ಅನ್ನುವುದು ಪೈಪಿನ ಉದ್ದ ಮತ್ತು ದಪ್ಪದಿಂದಲೇ ಗೊತ್ತಾಗುತ್ತದೆ. ಸಿಪಿವಿಸಿ, ಅಂದರೆ ಬಿಸಿನೀರಿಗೆ ಹಾಕುವ ಪ್ಲಾಸ್ಟಿಕ್ ಪೈಪ್, ಆದರೆ ಲೆಕ್ಕ ಹೀಗೆ: ಅರ್ಧ ಇಂಚಿನ ಪೈಪ್ ಒಂದು ಮೀಟರಿಗೆ ಸುಮಾರು 0.12 ಲೀಟರ್ ನೀರು ಹಿಡಿಯುತ್ತದೆ. ಮುಕ್ಕಾಲು ಇಂಚಿನದು 0.26 ಲೀಟರ್. ಒಂದು ಇಂಚಿನದು 0.43 ಲೀಟರ್. ಅಂದರೆ ಅರ್ಧ ಇಂಚಿನಿಂದ ಮುಕ್ಕಾಲು ಇಂಚಿಗೆ ಹೋದರೆ ನೀರು ಎರಡು ಪಟ್ಟಿಗೂ ಜಾಸ್ತಿ. ಎಷ್ಟೋ ಜನ ದಪ್ಪ ಪೈಪ್ ಹಾಕಿದರೆ ಬೇಗ ಬರುತ್ತೆ ಅಂದುಕೊಳ್ಳುತ್ತಾರೆ. ಕಾಯುವ ವಿಷಯದಲ್ಲಿ ಅದು ತಲೆಕೆಳಗು.

ಪೈಪಿನಲ್ಲಿ ಇರುವಷ್ಟೇ ನೀರು ಹೋದರೆ ಸಾಲುವುದಿಲ್ಲ. ಹಿಂದಿನಿಂದ ಬರುವ ಬಿಸಿನೀರು ಮುಂದಿನ ತಣ್ಣೀರಿನ ಜೊತೆ ಒಂದಿಷ್ಟು ಬೆರೆಯುತ್ತದೆ. ತಣ್ಣಗಿರುವ ಪೈಪು, ಗೋಡೆ ಕೂಡ ಶಾಖ ಎಳೆದುಕೊಳ್ಳುತ್ತವೆ. ಅದಕ್ಕೇ ನಾನು ಒಂದೂವರೆ ಪಟ್ಟು ಅಂತ ಹಿಡಿಯುತ್ತೇನೆ.

ನೀವು ಇಷ್ಟು ಮಾಡಿ. ಬೆಳಿಗ್ಗೆ ಮನೆಯಲ್ಲಿ ಯಾರೂ ಬಿಸಿನೀರು ಮುಟ್ಟುವ ಮುಂಚೆ, ವಾಶ್‌ಬೇಸಿನ್ ನಲ್ಲಿಯ ಬಿಸಿ ಕಡೆಯನ್ನು ಪೂರ್ತಿ ತೆಗೆಯಿರಿ. ಒಂದು ಲೀಟರ್ ಪಾತ್ರೆ ಹಿಡಿದು, ಎಷ್ಟು ಸೆಕೆಂಡಿಗೆ ತುಂಬುತ್ತದೆ ಅಂತ ನೋಡಿ. ತುಂಬಿದ್ದನ್ನು ಬಕೆಟ್ಟಿಗೆ ಸುರಿಯುತ್ತಾ ಹೋಗಿ. ನೀರು ಇನ್ನು ಬಿಸಿ ಏರುವುದಿಲ್ಲ ಅನ್ನುವ ಹೊತ್ತಿಗೆ ಒಟ್ಟು ಎಷ್ಟು ಲೀಟರ್ ಆಯಿತು ಅಂತ ಬರೆದಿಡಿ. ಆಮೇಲೆ ಗೀಸರಿನಿಂದ ಬೇಸಿನ್‌ವರೆಗೆ ಪೈಪ್ ಹೋಗಿರುವ ದಾರಿಯನ್ನು ಟೇಪಿನಲ್ಲಿ ಅಳೆಯಿರಿ. ಗೋಡೆಯೊಳಗೆ ಇದ್ದರೆ ಅಂದಾಜು ಸಾಕು. ಈ ಮೂರು ಲೆಕ್ಕ ಇಲ್ಲಿ ಹಾಕಿ, ಆಮೇಲೆ ಮಾತಾಡೋಣ.

ಕೇಳಿದವರು

ಸರ್, ತುಂಬಾ ಧನ್ಯವಾದ. ಇವತ್ತು ಬೆಳಿಗ್ಗೆ ಐದೂವರೆಗೆ ಎದ್ದು ಅಳೆದೆ. ಅಮ್ಮನೂ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಲೀಟರ್ ಎಣಿಸಿದರು.

ಒಂದು ಲೀಟರ್ ತುಂಬೋಕೆ 19 ಸೆಕೆಂಡ್. ಒಟ್ಟು ಒಂಬತ್ತೂವರೆ ಲೀಟರ್ ಹೋಯಿತು. ಆಮೇಲೂ ಬಿಸಿ ಅನ್ನುವಂತಿರಲಿಲ್ಲ, ಬೆಚ್ಚಗಿತ್ತು ಅಷ್ಟೆ. ಪೈಪಿನ ದಾರಿ: ಗೀಸರಿನಿಂದ ಕೆಳಗಿನ ಬಚ್ಚಲಿನ ಗೋಡೆವರೆಗೆ ಮುಕ್ಕಾಲು ಇಂಚಿನ ಸಿಪಿವಿಸಿ, ಸುಮಾರು 13 ಮೀಟರ್. ಅಲ್ಲಿಂದ ಬೇಸಿನ್‌ಗೆ ಅರ್ಧ ಇಂಚಿನದು 3 ಮೀಟರ್. ಮನೆ ಕಟ್ಟುವಾಗ ತೆಗೆದ ಫೋಟೋ ನೋಡಿ ಅಳೆದಿದ್ದೇನೆ, ಹಾಗಾಗಿ ಹೆಚ್ಚು ಕಡಿಮೆ ಸರಿ ಇರಬೇಕು.

ದಿನಕ್ಕೆ ಮೂರು ಸಲ ಹೀಗೆ ಬಿಟ್ಟರೆ ಇಪ್ಪತ್ತೆಂಟೂವರೆ ಲೀಟರ್. ವರ್ಷಕ್ಕೆ 10 ಸಾವಿರ ಲೀಟರ್ ದಾಟುತ್ತದೆ. ಅಮ್ಮ ಯಾಕೆ ಅಷ್ಟು ಸಂಕಟಪಡುತ್ತಿದ್ದರು ಅಂತ ಇವತ್ತು ಸರಿಯಾಗಿ ಅರ್ಥವಾಯಿತು.

ಉತ್ತರ 2 ಕೊಟ್ಟವರು

ಬಹಳ ಚೆನ್ನಾಗಿ ಅಳೆದಿದ್ದೀರಿ. ನಿಮ್ಮ ಲೆಕ್ಕದಲ್ಲಿ ಒಂದಲ್ಲ, ಎರಡು ತೊಂದರೆ ಕಾಣುತ್ತಿವೆ.

ಮೊದಲನೆಯದು, ನಲ್ಲಿ ತೀರಾ ನಿಧಾನ. 19 ಸೆಕೆಂಡಿಗೆ ಒಂದು ಲೀಟರ್ ಅಂದರೆ ನಿಮಿಷಕ್ಕೆ 3 ಲೀಟರ್ ಚಿಲ್ಲರೆ. ನಲ್ಲಿ ಬಾಯಲ್ಲಿರುವ ಜಾಲರಿಯನ್ನು, ಅಂದರೆ ಏರೇಟರನ್ನು, ತಿರುಗಿಸಿ ಬಿಚ್ಚಿ ನೋಡಿ. ಮರಳು, ಬಿಳಿ ಸುಣ್ಣದ ಪುಡಿ ಕಟ್ಟಿಕೊಂಡಿರುತ್ತದೆ. ವಿನೆಗರ್‌ನಲ್ಲಿ ಒಂದು ಗಂಟೆ ನೆನೆಸಿ ಹಳೇ ಹಲ್ಲುಜ್ಜುವ ಬ್ರಶ್‌ನಲ್ಲಿ ಉಜ್ಜಿದರೆ ಹೋಗುತ್ತದೆ. ಬೇಸಿನ್ ಕೆಳಗೆ ಗೋಡೆಯಲ್ಲಿ ಎರಡು ಆಂಗಲ್ ಕಾಕ್, ಅಂದರೆ ನಲ್ಲಿಗೆ ಹೋಗುವ ನೀರನ್ನು ತೆಗೆದು ಮುಚ್ಚುವ ಸಣ್ಣ ವಾಲ್ವ್, ಇರುತ್ತವೆ. ಬಿಸಿ ಕಡೆಯದು ಪೂರ್ತಿ ತೆಗೆದಿದೆಯಾ ನೋಡಿ. ನಲ್ಲಿ ಬದಲಿಸಿದವರು ಅರ್ಧ ತಿರುಗಿಸಿ ಬಿಟ್ಟು ಹೋಗಿರುವುದು ಮಾಮೂಲಿ. ಅಲ್ಲಿಂದ ನಲ್ಲಿಗೆ ಹೋಗುವ ಬಳುಕುವ ಪೈಪ್ ಎಲ್ಲಾದರೂ ಮಡಚಿಕೊಂಡಿದೆಯಾ ಅಂತಲೂ ಕೈಯಾಡಿಸಿ ನೋಡಿ.

ಎರಡನೆಯದೇ ನನಗೆ ಜಾಸ್ತಿ ಕಾಡುತ್ತಿರುವುದು. 13 ಮೀಟರ್ ಮುಕ್ಕಾಲು ಇಂಚು ಅಂದರೆ 3.4 ಲೀಟರ್. 3 ಮೀಟರ್ ಅರ್ಧ ಇಂಚು ಅಂದರೆ 0.36. ಒಟ್ಟು 3.8 ಲೀಟರ್ ಅಂತ ಇಟ್ಟುಕೊಳ್ಳಿ. ಒಂದೂವರೆ ಪಟ್ಟು ಹಿಡಿದರೂ ಐದೂಮುಕ್ಕಾಲು ಲೀಟರಿಗೆ ಬಿಸಿ ಬರಬೇಕು. ನಿಮಗೆ ಒಂಬತ್ತೂವರೆ ಹೋಗಿದೆ. ಅದಾದ ಮೇಲೂ ಬರೀ ಬೆಚ್ಚಗಿದೆ. ನಲ್ಲಿ ಎಷ್ಟೇ ನಿಧಾನ ಇರಲಿ, ಲೀಟರ್ ಇಷ್ಟು ಏರಬಾರದು. ಬಿಸಿನೀರಿನ ಲೈನಿಗೆ ಎಲ್ಲೋ ತಣ್ಣೀರು ಸೇರುತ್ತಿದೆ ಅಂತ ನನ್ನ ಅನುಮಾನ. ನಾವು ಇದಕ್ಕೆ ಕ್ರಾಸ್ ಆಗಿದೆ ಅನ್ನುತ್ತೇವೆ.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಮೊದಲು ಗೀಸರಿನ ಸ್ವಿಚ್ ಆಫ್ ಮಾಡಿ. ಇದನ್ನು ಮರೆಯಬೇಡಿ. ಗೀಸರಿನಿಂದ ಬಿಸಿನೀರು ಹೊರಗೆ ಹೋಗುವ ಕಡೆ ಇರುವ ವಾಲ್ವ್ ಮುಚ್ಚಿ. ಈಗ ಕೆಳಗಿನ ಬೇಸಿನ್‌ನ ಬಿಸಿ ಕಡೆ ಮಾತ್ರ ತೆಗೆಯಿರಿ. ಪೈಪಿನಲ್ಲಿ ಉಳಿದ ನೀರು ಸ್ವಲ್ಪ ಸುರಿದು ನಿಂತುಹೋಗಬೇಕು. ನಿಲ್ಲದೆ ಹರಿಯುತ್ತಲೇ ಇದ್ದರೆ ಆ ನೀರು ಗೀಸರಿನಿಂದ ಬರುತ್ತಿಲ್ಲ, ತಣ್ಣೀರಿನ ಲೈನಿನಿಂದ ಬರುತ್ತಿದೆ. ಪರೀಕ್ಷೆ ಮುಗಿದ ಮೇಲೆ ವಾಲ್ವ್ ತೆಗೆದು, ನಲ್ಲಿಯಲ್ಲಿ ನೀರು ಸರಿಯಾಗಿ ಬರುತ್ತಿದೆ ಅಂತ ನೋಡಿ, ಆಮೇಲೆ ಮಾತ್ರ ಗೀಸರ್ ಹಾಕಿ.

ಇನ್ನೊಂದು ಕೇಳಬೇಕು. ಕೆಳಗಿನ ಬಚ್ಚಲಿನಲ್ಲಿ ನಲ್ಲಿ ಬದಲಿಸಿದೆವು ಅಂದಿರಿ. ಏನೇನು ಹಾಕಿಸಿದ್ದೀರಿ? ಕೈಯಲ್ಲಿ ಹಿಡಿಯುವ ಶವರ್ ಏನಾದರೂ ಇದೆಯಾ?

ಉತ್ತರ 3

ನಮ್ಮ ಮನೆಯಲ್ಲೂ ಬಿಸಿನೀರು ತಡವಾಗುತ್ತಿತ್ತು. ನಾನು ರಿಟರ್ನ್ ಲೈನ್ ಹಾಕಿಸಿ ಸಣ್ಣ ಪಂಪ್ ಇಟ್ಟೆ. ಪೈಪಿನಲ್ಲಿರುವ ನೀರನ್ನು ಅದು ಮತ್ತೆ ಗೀಸರಿಗೆ ಕಳಿಸುತ್ತದೆ. ನಲ್ಲಿ ತೆಗೆದ ಕೂಡಲೇ ಬಿಸಿ, ಒಂದು ಹನಿಯೂ ಹಾಳಾಗಲ್ಲ. ಆದರೆ ನನ್ನ ಅನುಭವ ಪೂರ್ತಿ ಕೇಳಿ, ಆಮೇಲೆ ಯೋಚಿಸಿ.

ಮೊದಲು ಪಂಪ್ ಹಗಲು ರಾತ್ರಿ ಓಡುತ್ತಿತ್ತು. ಪೈಪಿಗೆ ಫೋಮ್ ಇರಲಿಲ್ಲ. ಇಡೀ ಪೈಪು ಗೋಡೆಯನ್ನು ಬಿಸಿ ಮಾಡುತ್ತಾ ಇತ್ತು, ಗೀಸರ್ ಪದೇ ಪದೇ ಆನ್ ಆಗುತ್ತಿತ್ತು. ಮೊದಲ ತಿಂಗಳ ಕರೆಂಟ್ ಬಿಲ್ ನೋಡಿ ಗಾಬರಿಯಾಯಿತು. ಆಮೇಲೆ ಗುಂಡಿ ಒತ್ತಿದರೆ ಮಾತ್ರ ಓಡುವ ಹಾಗೆ ಮಾಡಿಸಿದೆ. ಬಚ್ಚಲಿನ ಹತ್ತಿರ ಒಂದು ಗುಂಡಿ. ಒತ್ತಿದರೆ ಪಂಪ್ ಓಡುತ್ತದೆ, ಪೈಪಿನ ತುದಿಗೆ ಬಿಸಿ ಮುಟ್ಟಿದ ಕೂಡಲೇ ಸೆನ್ಸರ್ ಅದನ್ನು ನಿಲ್ಲಿಸುತ್ತದೆ. ಈಗ ಖುಷಿಯಾಗಿದ್ದೇವೆ.

ರಿಟರ್ನ್ ಲೈನಿನಲ್ಲಿ ಎನ್‌ಆರ್‌ವಿ, ಅಂದರೆ ನೀರನ್ನು ಒಂದೇ ಕಡೆಗೆ ಬಿಡುವ ವಾಲ್ವ್, ಇರಲೇಬೇಕು. ನಮಗೆ ಮೊದಲು ಹಾಕಿರಲಿಲ್ಲ. ನಲ್ಲಿ ತೆಗೆದರೆ ರಿಟರ್ನ್ ಪೈಪಿನಿಂದ ತಣ್ಣೀರು ಹಿಂದಕ್ಕೆ ಎಳೆದು ಬರುತ್ತಿತ್ತು. ಇದ್ದ ತೊಂದರೆ ಇನ್ನೂ ಜಾಸ್ತಿಯಾಗಿತ್ತು.

ರಿಟರ್ನ್ ಲೈನ್ ಬೇಡ, ತಣ್ಣೀರಿನ ಪೈಪನ್ನೇ ವಾಪಸ್ ದಾರಿ ಮಾಡುವ ವಾಲ್ವ್ ಕೂಡ ಸಿಗುತ್ತದೆ. ಗೋಡೆ ಒಡೆಯಬೇಕಾಗಿಲ್ಲ. ಆದರೆ ತಣ್ಣೀರಿನ ನಲ್ಲಿಯಲ್ಲಿ ಮೊದಲು ಸ್ವಲ್ಪ ಹೊತ್ತು ಬೆಚ್ಚಗಿನ ನೀರು ಬರುತ್ತದೆ. ಕುಡಿಯೋಕೆ ಹಿಡಿಯುವ ನಲ್ಲಿ ಆ ಲೈನಿನಲ್ಲಿದ್ದರೆ ನನಗೆ ಅದು ಇಷ್ಟವಾಗಲಿಲ್ಲ.

ಕೇಳಿದವರು

ಸರ್, ಸಿಕ್ಕಿತು! ನೀವು ಕೇಳಿದ ಆ ಶವರೇ.

ಗೀಸರಿನ ವಾಲ್ವ್ ಮುಚ್ಚಿ ಬೇಸಿನ್‌ನ ಬಿಸಿ ನಲ್ಲಿ ತೆಗೆದೆ. ನಿಲ್ಲಲೇ ಇಲ್ಲ. ಎರಡು ಪಾತ್ರೆ ತುಂಬಿತು, ಇನ್ನೂ ಬರುತ್ತಲೇ ಇತ್ತು, ಪೂರ್ತಿ ತಣ್ಣೀರು. ಆಗ ಅಮ್ಮನ ಶವರ್ ಕಡೆ ನೋಡಿದೆ. ಎರಡು ವರ್ಷದ ಹಿಂದೆ ಅವರು ಸ್ಟೂಲ್ ಮೇಲೆ ಕೂತು ಸ್ನಾನ ಮಾಡಲಿ ಅಂತ ಕೈಯಲ್ಲಿ ಹಿಡಿಯುವ ಶವರ್ ಹಾಕಿಸಿದ್ದೆವು. ಅದರ ತುದಿಯಲ್ಲಿ ಒತ್ತುವ ಗುಂಡಿ ಇದೆ. ಗೋಡೆಯಲ್ಲಿರುವ ಮಿಕ್ಸರ್, ಅಂದರೆ ಬಿಸಿನೀರು ತಣ್ಣೀರು ಬೆರೆಸುವ ನಲ್ಲಿ, ತಿರುಗಿಸೋಕೆ ಅಮ್ಮನ ಬೆರಳಿಗೆ ಕಷ್ಟ. ಹಾಗಾಗಿ ಅವರು ಅದನ್ನು ನಡುವೆ ಇಟ್ಟು, ತೆಗೆದೇ ಬಿಟ್ಟಿರುತ್ತಾರೆ. ನೀರು ನಿಲ್ಲಿಸುವುದು ಗುಂಡಿಯಿಂದ. ಅಂದರೆ ಮಿಕ್ಸರ್ ಒಳಗೆ ಬಿಸಿ ಲೈನೂ ತಣ್ಣೀರಿನ ಲೈನೂ ಎರಡು ವರ್ಷದಿಂದ ಒಂದಕ್ಕೊಂದು ತೆರೆದುಕೊಂಡೇ ಇದ್ದವು.

ನಾನು ಮಿಕ್ಸರ್ ಮುಚ್ಚಿದೆ. ಬೇಸಿನ್‌ನಲ್ಲಿ ನೀರು ಅಲ್ಲೇ ನಿಂತಿತು. ನಂಬೋಕೆ ಆಗಲಿಲ್ಲ.

ಅಮ್ಮನಿಗೆ ಹೇಳಿದೆ. "ಅಯ್ಯೋ, ನನ್ನಿಂದಲೇ ಆಯ್ತಾ" ಅಂದರು. ಇಲ್ಲಮ್ಮ, ನಿನ್ನ ಕೈಗೆ ಆಗದ ನಲ್ಲಿ ಹಾಕಿಸಿದ್ದು ನಾವು ಅಂದೆ. ಈಗ ಅವರು ಕಷ್ಟಪಟ್ಟು ದಿನಾ ಮಿಕ್ಸರ್ ತಿರುಗಿಸಲಿ ಅನ್ನೋಕೆ ನನಗೆ ಮನಸ್ಸಿಲ್ಲ. ಇದಕ್ಕೆ ಏನು ಮಾಡಬಹುದು?

ಉತ್ತರ 2 ಕೊಟ್ಟವರು

ಅಮ್ಮನಿಗೆ ಹೇಳಿ, ಇದು ಅವರ ತಪ್ಪಲ್ಲ. ಗುಂಡಿ ಇರುವ ಶವರ್ ಹಾಕುವವರು ಮಿಕ್ಸರಿನ ಎರಡೂ ಕಡೆ ಎನ್‌ಆರ್‌ವಿ ಕೂರಿಸಬೇಕು. ಹಾಕಿದವರು ಅದನ್ನು ಬಿಟ್ಟಿದ್ದಾರೆ. ನಿಮ್ಮಲ್ಲಿ ಆಗುತ್ತಿದ್ದದ್ದು ಇಷ್ಟು: ಬಿಸಿನೀರು ಗೀಸರ್ ದಾಟಿ, ಅಷ್ಟು ಉದ್ದದ ಪೈಪಿನಲ್ಲಿ ಬರುವಷ್ಟರಲ್ಲಿ ಅದರ ಒತ್ತಡ ಕಡಿಮೆಯಾಗುತ್ತದೆ. ತಣ್ಣೀರಿನ ಒತ್ತಡ ಜಾಸ್ತಿ. ಬೇಸಿನ್‌ನ ಬಿಸಿ ನಲ್ಲಿ ತೆಗೆದ ಕೂಡಲೇ ತಣ್ಣೀರು ಆ ಮಿಕ್ಸರ್ ಮೂಲಕ ಅಡ್ಡದಾರಿಯಲ್ಲಿ ನುಗ್ಗುತ್ತದೆ. ನಲ್ಲಿಯಿಂದ ಬಂದ ನೀರಿನಲ್ಲಿ ಒಂದು ಪಾಲು ಮಾತ್ರ ಗೀಸರ್ ಲೈನಿನದು. ಅದಕ್ಕೇ ಪೈಪ್ ಖಾಲಿಯಾಗೋಕೆ ಅಷ್ಟು ಹೊತ್ತು. ಬಿಸಿ ಬಂದ ಮೇಲೂ ತಣ್ಣೀರು ಬೆರೆತು ಬರೀ ಬೆಚ್ಚಗೆ. ಮೇಲಿನ ಬಚ್ಚಲು ಗೀಸರಿಗೆ ಹತ್ತಿರ, ಅಲ್ಲಿ ಇದರ ಕಾಟ ಗೊತ್ತಾಗಲಿಲ್ಲ.

ಎರಡು ಕೆಲಸ ಮಾಡಿಸಿ. ಮಿಕ್ಸರಿಗೆ ಬರುವ ಬಿಸಿ, ತಣ್ಣೀರು ಎರಡೂ ಕಡೆ ಒಂದೊಂದು ಸಣ್ಣ ಎನ್‌ಆರ್‌ವಿ. ಆಮೇಲೆ ಉದ್ದ ಹಿಡಿ ಇರುವ ಲಿವರ್ ಮಿಕ್ಸರ್. ಬೆರಳು ಮಡಚಬೇಕಾಗಿಲ್ಲ, ಅಂಗೈಯಿಂದಲೋ ಮೊಣಕೈಯಿಂದಲೋ ತಳ್ಳಿದರೆ ಮುಚ್ಚುತ್ತದೆ. ಎನ್‌ಆರ್‌ವಿ ಇದ್ದರೂ ಮುಚ್ಚುವುದೇ ಒಳ್ಳೆಯದು. ಶವರಿನ ಬಳುಕುವ ಪೈಪಿನಲ್ಲಿ ಸದಾ ಒತ್ತಡ ನಿಂತರೆ ಒಂದು ದಿನ ಅದು ಒಡೆಯುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ಒಡೆದರೆ ಕಷ್ಟ.

ಉಳಿದ ಐದೂಮುಕ್ಕಾಲು ಲೀಟರ್ ಪೈಪಿನ ಉದ್ದದ್ದು. ಅದನ್ನು ಏರೇಟರ್ ತೊಳೆದು ಕಡಿಮೆ ಮಾಡೋಕೆ ಆಗಲ್ಲ, ಕಾಯುವ ಹೊತ್ತು ಮಾತ್ರ ಕಡಿಮೆಯಾಗುತ್ತದೆ. ಒಂದು ಉಪಾಯ ಇದೆ. ಬೇಸಿನ್ ನಲ್ಲಿ ಸಣ್ಣಗೆ ಬರುತ್ತದೆ. ಪಕ್ಕದಲ್ಲಿ ಬಕೆಟ್ ತುಂಬುವ ನಲ್ಲಿ ದಪ್ಪಗೆ ಬರುತ್ತದೆ. ಮೊದಲು ಅದರ ಬಿಸಿ ಕಡೆ ತೆಗೆದು ಬಕೆಟ್ಟಿಗೆ ಬಿಡಿ. ಅರ್ಧ ನಿಮಿಷದ ಆಸುಪಾಸಿನಲ್ಲಿ ಮುಖ್ಯ ಪೈಪ್ ಬಿಸಿಯಾಗುತ್ತದೆ. ಬೇಸಿನ್‌ಗೆ ಉಳಿಯುವುದು ಆ 3 ಮೀಟರ್ ಅರ್ಧ ಇಂಚು ಮಾತ್ರ. ಬಕೆಟ್ಟಿನ ನೀರು ನೆಲ ಒರೆಸೋಕೆ, ಗಿಡಕ್ಕೆ ಆಯಿತು.

ಫೋಮ್ ಬಗ್ಗೆ ಕೇಳಿದ್ದಿರಿ. ಸುತ್ತಿದರೆ ಒಳ್ಳೆಯದೇ. ಬರಿ ಪೈಪಿನಲ್ಲಿ ನಿಂತ ಬಿಸಿನೀರು ಬೇಗ ಆರುತ್ತದೆ, ಫೋಮ್ ಇದ್ದರೆ ಜಾಸ್ತಿ ಹೊತ್ತು ತಡೆಯುತ್ತದೆ. ಒಬ್ಬರಾದ ಮೇಲೆ ಒಬ್ಬರು ಸ್ನಾನ ಮಾಡುವಾಗ ಅನುಕೂಲ. ಆದರೆ ರಾತ್ರಿಯೆಲ್ಲ ನಿಂತ ನೀರು ಫೋಮ್ ಒಳಗೂ ತಣ್ಣಗಾಗೇ ಆಗುತ್ತದೆ. ಅಮ್ಮನ ಬೆಳಗಿನ ಮೊದಲ ನೀರಿಗೆ ಅದರಿಂದ ಉಪಯೋಗ ಇಲ್ಲ. ಅದೊಂದಕ್ಕಾಗಿ ಗೋಡೆ ಒಡೆಯಬೇಡಿ.

ಅಮ್ಮನಿಗೆ ಕೈ ಮುಖ ತೊಳೆಯೋಕೆ ತಕ್ಷಣ ಬಿಸಿ ಬೇಕೇ ಬೇಕು ಅಂದರೆ, ಬೇಸಿನ್ ಕೆಳಗೆ 3 ಲೀಟರಿನ ಸಣ್ಣ ಹೀಟರ್ ಹಾಕಿಸಿ. ಬೇಸಿನ್ ಕೆಳಗೆ ಕೂರಿಸುವಂಥದ್ದೇ ಕೇಳಿ ತನ್ನಿ, ಎಲ್ಲ ಮಾದರಿಯೂ ಅಲ್ಲಿ ಕೂರುವುದಿಲ್ಲ. 3 ಕಿಲೋವ್ಯಾಟಿನದು ಆ 3 ಲೀಟರನ್ನು 30 ಡಿಗ್ರಿ ಏರಿಸೋಕೆ ಎರಡು ನಿಮಿಷ ಸಾಕು. ಎದ್ದ ಕೂಡಲೇ ಸ್ವಿಚ್ ಹಾಕಿ, ಹಾಸಿಗೆ ಮಡಚಿ ಬರುವಷ್ಟರಲ್ಲಿ ರೆಡಿ. ಆದರೆ ಅದಕ್ಕೆ ಅಂತಲೇ ಬೇರೆ ವೈರ್ ಎಳೆಸಿ. ಅರ್ಥಿಂಗ್ ಮತ್ತು ಕರೆಂಟ್ ಸೋರಿದರೆ ಟ್ರಿಪ್ ಆಗುವ ಬ್ರೇಕರ್ ಇಲ್ಲದೆ ಬಚ್ಚಲಿನಲ್ಲಿ ಹೀಟರ್ ಹಾಕಿಸಲೇಬೇಡಿ.

ಉತ್ತರ 4

ಇದನ್ನು ಓದಿ ನಾನೂ ಅಳೆದೆ. ನಮ್ಮದು ಸೋಲಾರ್. ತಾರಸಿಯಿಂದ 20 ಮೀಟರ್, ಒಂದು ಇಂಚಿನ ಪೈಪ್. 12 ಲೀಟರ್ ಹೋಗುತ್ತದೆ. ಆಮೇಲೆ ಒಳ್ಳೇ ಬಿಸಿ. ಇದೂ ಕ್ರಾಸಾ?

ಉತ್ತರ 2 ಕೊಟ್ಟವರು

ಅಲ್ಲ. 20 ಮೀಟರಿಗೆ 8.6 ಲೀಟರ್, ಒಂದೂವರೆ ಪಟ್ಟು ಹಿಡಿದರೆ 13ರ ಹತ್ತಿರ. ನಿಮ್ಮ ಲೆಕ್ಕ ಸರಿಯಾಗಿದೆ, ಪೈಪೇ ದೊಡ್ಡದು. ಹಾಗಂತ ಪೂರ್ತಿ ಅರ್ಧ ಇಂಚಿಗೆ ಇಳಿಸಬೇಡಿ. ಬರೀ ಟ್ಯಾಂಕಿನ ಎತ್ತರದಿಂದ ನೀರು ಇಳಿಯುವ ಕಡೆ ಸಣ್ಣ ಪೈಪಿನಲ್ಲಿ ಒತ್ತಡ ಸಾಲದೆ ನಲ್ಲಿ ಅಳುತ್ತದೆ. 10 ಮೀಟರ್ ಎತ್ತರಕ್ಕೆ ಒಂದು ಬಾರ್ ಒತ್ತಡ ಸಿಗುವುದು. ನಿಮ್ಮ ಟ್ಯಾಂಕ್ ಎಷ್ಟು ಮೇಲಿದೆ ಅಂತ ಹೇಳಿ, ಮುಕ್ಕಾಲು ಇಂಚು ನಡೆಯುತ್ತದಾ ನೋಡೋಣ.

ಕೇಳಿದವರು

ಎರಡು ವಾರ ಆಯಿತು. ನಡೆದದ್ದು ತಿಳಿಸಬೇಕು ಅನ್ನಿಸಿತು.

ಎನ್‌ಆರ್‌ವಿ ಎರಡೂ ಕೂರಿಸಿದರು. ಲಿವರ್ ಮಿಕ್ಸರ್ ಬಂತು. ಏರೇಟರ್ ಬಿಚ್ಚಿದಾಗ ಒಳಗೆ ಅರ್ಧ ಚಮಚದಷ್ಟು ಬಿಳಿ ಪುಡಿ ಇತ್ತು. ಆಂಗಲ್ ಕಾಕ್ ನೀವು ಹೇಳಿದ ಹಾಗೇ ಅರ್ಧ ಮುಚ್ಚಿತ್ತು. ಮತ್ತೆ ಬೆಳಿಗ್ಗೆ ಐದೂವರೆಗೆ ಅಳೆದೆವು. ಒಂದು ಲೀಟರ್ 12 ಸೆಕೆಂಡಿಗೆ ತುಂಬಿತು. ಐದೂವರೆ ಲೀಟರಿಗೆ ಬಿಸಿ ಬಂತು, ಅದೂ ಚೆನ್ನಾಗಿ ಬಿಸಿ. ಮೂರು ನಿಮಿಷ ಇದ್ದದ್ದು ಒಂದು ನಿಮಿಷ ಚಿಲ್ಲರೆಗೆ ಇಳಿಯಿತು. ಮೊದಲು ಬಕೆಟ್ ನಲ್ಲಿ ಬಿಟ್ಟರೆ ಇನ್ನೂ ಬೇಗ.

ಸಣ್ಣ ಹೀಟರಿಗೆ ವೈರಿಂಗ್ ನೋಡೋಕೆ ಎಲೆಕ್ಟ್ರಿಷಿಯನ್ ಈ ವಾರ ಬರುತ್ತಾರೆ. ಅಮ್ಮ ಅದು ಬೇಡ, ಇಷ್ಟು ಸಾಕು ಅನ್ನುತ್ತಿದ್ದಾರೆ. ನಾನು ಹಾಕಿಸುವವಳೇ. ಇವತ್ತು ಬೆಳಿಗ್ಗೆ ಅವರು ಮೊಣಕೈಯಿಂದ ಲಿವರ್ ತಳ್ಳಿ, ಬಿಸಿನೀರಿನ ಕೆಳಗೆ ಎರಡೂ ಕೈ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಪಕ್ಕದಲ್ಲಿ ಬಕೆಟ್ ತುಂಬಿತ್ತು. ಅದನ್ನು ನಾನು ಗಿಡಕ್ಕೆ ಹೊತ್ತೊಯ್ದೆ.